ಚರ್ಚಿನ ಕಪಾಟಿನಲ್ಲಿರುವ ಕನ್ನಡ: ಬಲ್ಮಠದಂಥ ಸಂಗ್ರಹಗಳನ್ನು ಉಳಿಸುವ ಹೊಣೆ ಯಾರದ್ದು?

ಪಡಸಾಲೆ

ಕಳೆದ ತಿಂಗಳು ಅತ್ತೆಯ ಮದುವೆ ದಾಖಲೆಯ ನಕಲು ಬೇಕಾಗಿ ಕರಾವಳಿಯ ಒಂದು ಹಳೇ ಚರ್ಚಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ಹೇಳಿದರೆ ಜಗಳ ಆ ಊರಿನದ್ದಾಗಿ, ವಿಷಯ ಹಿಂದೆ ಬೀಳುತ್ತದೆ. ಪಕ್ಕದ ಕೋಣೆಯಲ್ಲಿ ಗೋಡೆಗೆ ಆನಿಸಿಟ್ಟ ಬೀಟೆ ಮರದ ಕಪಾಟು. ಕೀಲಿ ಕಳೆದು ಎಷ್ಟೋ ವರ್ಷ ಆಯಿತಂತೆ, ಬಾಗಿಲಿನ ಒಡೆದ ಗಾಜಿನ ಸಂದಿಯಲ್ಲೇ ಕೈ ಹಾಕುತ್ತಾರೆ. ನಾನೂ ಹಾಕಿ ಒಂದು ಪುಸ್ತಕ ಎಳೆದೆ. ಹೊರಗಿನ ರಟ್ಟು ಗಟ್ಟಿಯಾಗಿಯೇ ಇತ್ತು, ಬೆನ್ನಿನ ಬಟ್ಟೆಯೂ ಇತ್ತು. ತೆರೆದರೆ ಒಳಗೆ ಹಾಳೆ ಇಲ್ಲ, ಮಣ್ಣು! ಗೆದ್ದಲು ಹೊಟ್ಟೆಯನ್ನೆಲ್ಲ ತಿಂದು ಮಣ್ಣು ತುಂಬಿ ಹೋಗಿದೆ. ಅಂಚಿನಲ್ಲಿ ಎರಡು ಬೆರಳಗಲದ ಚೂರು ಉಳಿದಿತ್ತು. ಅದರಲ್ಲಿ ‘ಮಂಗಳೂರ’ ಅನ್ನುವವರೆಗೆ ಓದಬಹುದು. ಇಸವಿ ಇರಬೇಕಾದ ಜಾಗದಲ್ಲಿ ತೂತು.

ಬಂದವನಿಗೆ ಮಂಗಳೂರಿನ ಬಲ್ಮಠದ ಯೋಚನೆ ಶುರುವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ (ಸ್ವಿಟ್ಜರ್ಲ್ಯಾಂಡಿನ ಕ್ರೈಸ್ತ ಪ್ರಚಾರ ಸಂಸ್ಥೆ) ಎಂಬ ಸಂಸ್ಥೆಯವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದರು. 1843ರ ಜುಲೈ 1ರಂದು ಅವರ ಪಾದ್ರಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ್ದು, 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದು ಎಲ್ಲ ಅದೇ ಊರಿನಲ್ಲಿ. ಆ ಕಾಲದ ಪುಸ್ತಕ, ದಾಖಲೆಗಳಲ್ಲಿ ಇಲ್ಲಿ ಉಳಿದದ್ದರ ದೊಡ್ಡ ಪಾಲು ಇವತ್ತು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಗ್ರಂಥಾಲಯ ಮತ್ತು ದಾಖಲೆ ಸಂಗ್ರಹದಲ್ಲಿದೆ. ಅಂದರೆ ಚರ್ಚಿನ ಸ್ವತ್ತು. ಅಲ್ಲಿಯವರು ಕಾಪಾಡಿಕೊಂಡು ಬಂದದ್ದರಿಂದಲೇ ಇಷ್ಟು ಉಳಿದಿದೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ ಇಷ್ಟು: ಕಪಾಟು ಚರ್ಚಿನದ್ದು, ಒಳಗಿರುವುದು ಕನ್ನಡದ್ದು. ಉಳಿಸುವ ಖರ್ಚು ಯಾರದ್ದು? ನನ್ನ ಅಭಿಪ್ರಾಯ ಕೇಳಿದರೆ, ಇಂಥದ್ದನ್ನೆಲ್ಲ ಸರ್ಕಾರ ವಹಿಸಿಕೊಂಡು ಬೆಂಗಳೂರಿಗೆ ತಂದು ಎಸಿ ಕೋಣೆಯಲ್ಲಿ ಇಡುವುದು ಒಳ್ಳೆಯದು.

ಗುರುಪುರ ಹೊಳೆ

ಬೆಂಗಳೂರಿಗಾ? ಎಂತಕ್ಕೆ ಮಾರಾಯ್ರೆ? ಮಂಗಳೂರಿನಲ್ಲಿ ಕರೆಂಟ್ ಇಲ್ಲವಾ, ಎಸಿ ಸಿಗುವುದಿಲ್ಲವಾ? ನಮ್ಮದೆಲ್ಲ ಘಟ್ಟ ಹತ್ತಿ ಹೋದ ಮೇಲೆ ಅದನ್ನು ನೋಡಲಿಕ್ಕೆ ನಾವು ರಾತ್ರಿ ಬಸ್ಸು ಹಿಡಿಯಬೇಕು.

ಧಾರವಾಡ ಫೇಡೆ

ಹೊಳೆಯವ್ರು ಹೇಳಿದ್ದು ಖರೆ ಐತ್ರಿ. ನಮ್ಮ ಧಾರವಾಡದಾಗೂ ಬಾಸೆಲ್ ಮಿಶನ್ ಸಾಲಿ ಐತಿ. ಯಾವ ಸಾಮಾನು ‘ಸುರಕ್ಷತೆಗೆ’ ಅಂತ ರಾಜಧಾನಿಗೆ ಹೋತೋ ಅದು ತಿರುಗಿ ಊರಿಗೆ ಬಂದದ್ದು ನಾ ಅಂತೂ ಕಂಡಿಲ್ಲ.

ಲೆಕ್ಕದ ಗುಮಾಸ್ತ

ಎಲ್ಲರೂ ಎಸಿ ಎಲ್ಲಿಡಬೇಕು ಅಂತ ಮಾತಾಡ್ತಿದ್ದೀರಿ. ಬಿಲ್ಲು ಯಾರು ಕಟ್ಟೋದು? ಚರ್ಚಿಗೆ ಆಸ್ತಿ ಇದೆ, ಶಾಲೆ ಇದೆ, ಬಾಡಿಗೆ ಬರುತ್ತೆ. ತನ್ನ ಪುಸ್ತಕ ತಾನು ನೋಡಿಕೊಳ್ಳಲಿ. ಜೊತೆಗೆ ಇನ್ನೊಂದು ಮಾತು, ಕೋಪ ಮಾಡ್ಕೋಬೇಡಿ: ಅದರಲ್ಲಿ ಅರ್ಧ ಮತಪ್ರಚಾರದ ಕರಪತ್ರ. ನಮ್ಮ ದೇವರನ್ನು ಬೈದು ಬರೆದದ್ದನ್ನ ನನ್ನ ತೆರಿಗೆ ದುಡ್ಡಲ್ಲಿ ಯಾಕೆ ಉಳಿಸಬೇಕು?

ಮೂರನೇ ಬೆಂಚು

ನಾನು ಆ ಸಭೆಯವನೇ, ಮೂರು ತಲೆಮಾರಿನಿಂದ. ಕೋಪವೇನಿಲ್ಲ ಗುಮಾಸ್ತರೇ. ಆದರೆ ‘ಚರ್ಚಿಗೆ ಆಸ್ತಿ ಇದೆ’ ಅನ್ನುವ ಮಾತು ಹೊರಗಿನಿಂದ ಕಾಣುವಷ್ಟು ಸರಳ ಅಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಶನ್ನನ್ನು ಶತ್ರು ದೇಶದವರ ಪಾಲಿಗೆ ಸೇರಿಸಿ, ಹಂಚಿನ ಕಾರ್ಖಾನೆ, ನೇಯ್ಗೆ ಎಲ್ಲವನ್ನೂ ಕೈಯಿಂದ ಕಿತ್ತುಕೊಂಡಿತು. ಅವು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಜರ್ಮನ್ ಪಾದ್ರಿಗಳನ್ನು ಬಂಧಿಸಿ ಆಮೇಲೆ ಹಡಗು ಹತ್ತಿಸಿದರು. ದುಡಿದು ಕೊಡುವ ಕಾರ್ಖಾನೆ ಬೇರೆಯವರ ಪಾಲಾಯಿತು, ತಿಂದು ಕೂರುವ ಪುಸ್ತಕ ನಮ್ಮ ಪಾಲಿಗೆ ಉಳಿಯಿತು ಅಂತ ನನ್ನ ಅಜ್ಜ ತಮಾಷೆ ಮಾಡುತ್ತಿದ್ದರು. ಈಗ ಸಭೆಯ ವಾರ್ಷಿಕ ಲೆಕ್ಕದಲ್ಲಿ ಮೊದಲು ಛಾವಣಿ, ಆಮೇಲೆ ಸಂಬಳ, ಆಮೇಲೆ ಬಡವರ ನಿಧಿ. ಪುಸ್ತಕದ ಕಪಾಟಿನ ಹೆಸರು ಎತ್ತಿದವನನ್ನು ಎಲ್ಲರೂ ‘ಪಾಪ ಓದಿದವನು’ ಅಂತ ನೋಡುತ್ತಾರೆ.

ಆದರೆ ಪಡಸಾಲೆಯವರ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಕಾಪಾಡಲಿಕ್ಕೆ ಬರುತ್ತೇವೆ ಅಂದವರು ಲಾರಿ ತಂದರೆ, ಮಾರನೇ ದಿನ ಕಪಾಟಿಗೆ ಇನ್ನೊಂದು ಬೀಗ ಬೀಳುತ್ತದೆ.

ಒಂಟಿಕೊಪ್ಪಲು

ಗುಮಾಸ್ತರ ‘ಅರ್ಧ ಮತಪ್ರಚಾರ’ಕ್ಕೆ ಉತ್ತರ. ಉಳಿದ ಅರ್ಧ ಏನು ಅಂತ ಗೊತ್ತಾ? 1848ರಿಂದ 1853ರ ತನಕ ಮೋಗ್ಲಿಂಗ್ ಹೊರತಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಇರೋದು ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳು. ಕಿಟ್ಟೆಲ್ 1872ರಲ್ಲಿ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸು ಅಚ್ಚು ಹಾಕಿಸಿದರು. ಆಮೇಲೆ ಸುಮಾರು 70 ಸಾವಿರ ಪದಗಳ ನಿಘಂಟು.

ಇನ್ನೊಂದು ತಮಾಷೆ. ಈ ಮಾಲೆಗೆ ದುಡ್ಡು ಕೊಟ್ಟವರು ಕಸಮೇಜರ್ ಅನ್ನೋ ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ಅಧಿಕಾರಿ. ಅಂದರೆ ಮೊದಲ ದಿನದಿಂದಲೂ ಚರ್ಚಿನ ಹೊರಗಿನ ಒಬ್ಬರ ಜೇಬು ಇದರಲ್ಲಿತ್ತು. 170 ವರ್ಷದ ಮೇಲೆ ನಾವು ‘ಅವರ ಪುಸ್ತಕ ಅವರು ನೋಡಿಕೊಳ್ಳಲಿ’ ಅಂತಿದ್ದೀವಿ.

ಬೈದ ಕರಪತ್ರಗಳ ವಿಷಯ. ಅವೂ ಉಳೀಬೇಕು. ಬೈದದ್ದು ಕಳೆದುಹೋದರೆ ಯಾರು ಯಾರನ್ನ ಏನಂತ ಬೈದರು ಅನ್ನೋದಕ್ಕೆ ನಾಳೆ ಯಾರ ಬಾಯಿ ದೊಡ್ಡದೋ ಅವರ ಮಾತೇ ಸಾಕ್ಷಿ ಆಗುತ್ತೆ.

ಲೆಕ್ಕದ ಗುಮಾಸ್ತ

ಕೊನೇ ಮಾತು ಒಪ್ಪಿದೆ. ಬಿಲ್ಲಿನ ಪ್ರಶ್ನೆ ಹಾಗೇ ಇದೆ.

ಕೋರ್ಟು ಕಚೇರಿ

ಕಾನೂನು ಸ್ವಲ್ಪ ಹೇಳುತ್ತೇನೆ, ಬೇಸರ ಆದರೆ ದಾಟಿ ಹೋಗಿ.

ಸಂವಿಧಾನದ 27ನೇ ವಿಧಿ ಒಂದು ಧರ್ಮದ ಪ್ರಚಾರಕ್ಕೆಂದು ತೆರಿಗೆ ವಸೂಲಿ ಮಾಡುವುದನ್ನು ತಡೆಯುತ್ತದೆ. ಹಳೇ ಕಾಗದ ರಿಪೇರಿ ಮಾಡುವುದು ಧರ್ಮಪ್ರಚಾರ ಅಂತ ವಾದಿಸುವುದು ಕಷ್ಟ. ಇನ್ನೊಂದು ಕಡೆ, 49ನೇ ವಿಧಿ ಸರ್ಕಾರದ ಮೇಲೆ ಹೊಣೆ ಹಾಕುತ್ತದೆ, ಆದರೆ ಸಂಸತ್ತು ‘ರಾಷ್ಟ್ರೀಯ ಮಹತ್ವ’ ಅಂತ ಘೋಷಿಸಿದ ಸ್ಮಾರಕ, ವಸ್ತುಗಳಿಗೆ ಮಾತ್ರ. 51ಎ(ಎಫ್) ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಉಳಿಸುವುದು ಪ್ರತಿ ನಾಗರಿಕನ ಕರ್ತವ್ಯ ಅನ್ನುತ್ತದೆ. ಅಂದರೆ ನನ್ನದು, ನಿಮ್ಮದು, ಗುಮಾಸ್ತರದ್ದೂ.

ಇನ್ನು 1972ರ ಪುರಾವಸ್ತು ಕಾಯಿದೆ. 75 ವರ್ಷ ದಾಟಿದ, ಚಾರಿತ್ರಿಕ ಅಥವಾ ಸಾಹಿತ್ಯಕ ಬೆಲೆಯ ಹಸ್ತಪ್ರತಿ, ದಾಖಲೆಗಳು ಅದರಡಿ ಬರುತ್ತವೆ. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಮಾಲೀಕ ಛಾವಣಿ ರಿಪೇರಿ ಮಾಡಿಸಲೇಬೇಕು ಅಂತ ಆ ಕಾಯಿದೆ ಹೇಳುವುದಿಲ್ಲ. ಕದ್ದು ಹಡಗಿಗೆ ಹಾಕಿದರೆ ಜೈಲು, ಗೆದ್ದಲು ತಿಂದರೆ ಯಾವ ಕಲಮೂ ಇಲ್ಲ.

ಹಕ್ಕುಸ್ವಾಮ್ಯ ಕೂಡ ಹೇಳಿಬಿಡುತ್ತೇನೆ, ಯಾಕೆಂದರೆ ಗೊಂದಲ ಇಲ್ಲೇ ಜಾಸ್ತಿ. ಲೇಖಕ ತೀರಿಕೊಂಡು 60 ವರ್ಷ ಆದ ಮೇಲೆ ಪಠ್ಯ ಎಲ್ಲರದ್ದು. ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ. ಆದ್ದರಿಂದ ಚರ್ಚಿನ ಬಳಿ ಇರುವುದು ಪ್ರತಿ ಮಾತ್ರ, ಅದರೊಳಗಿನ ಬರಹ ಆಗಲೇ ಸಾರ್ವಜನಿಕ ಸ್ವತ್ತು. ಅದನ್ನು ಓದುವ ಏಕೈಕ ದಾರಿ ಆ ಪ್ರತಿಯೇ ಆಗಿದ್ದಾಗ ಹೊಣೆಯ ಪ್ರಶ್ನೆ ಏಳುತ್ತದೆ.

ಒಂಟಿಕೊಪ್ಪಲು

‘ಏಕೈಕ’ ಅಂದಿರಲ್ಲ, ಅದಕ್ಕೆ ಒಂದು ಸೇರಿಸ್ತೀನಿ. ಬ್ರಿಟಿಷ್ ಇಂಡಿಯಾದಲ್ಲಿ ಅಚ್ಚಾದ ಪುಸ್ತಕ ದಾಖಲಾಗಿ ಸರ್ಕಾರಕ್ಕೆ ಪ್ರತಿ ಹೋಗಬೇಕು ಅನ್ನೋ ಕಾಯಿದೆ ಬಂದದ್ದು 1867ರಲ್ಲಿ. ಮಂಗಳೂರಿನ ಕಲ್ಲಚ್ಚು ಶುರುವಾಗಿ ಆಗಲೇ 26 ವರ್ಷ. ಆ 26 ವರ್ಷದ ಪುಸ್ತಕಗಳು ಉಳಿದಿದ್ದರೆ ಅದು ಯಾರೋ ಒಬ್ಬರು ಇಟ್ಟುಕೊಂಡಿದ್ದರಿಂದ. ಕಪಾಟಿನ ಹೊರಗೆ ಅವಕ್ಕೆ ಜಾಮೀನಿಲ್ಲ.

ಗುರುಪುರ ಹೊಳೆ

ಹಾಗಾದರೆ ಕೇಂದ್ರದ ಹಸ್ತಪ್ರತಿ ಯೋಜನೆಗೆ ಸೇರಿಸಬಹುದಲ್ಲವಾ? 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಬಂತು, 2025ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಅಂತ ಮಾಡಿ ಒಂದು ಕೋಟಿಗೂ ಮಿಕ್ಕಿ ಹಸ್ತಪ್ರತಿ ಅಂದರು. ಖಾಸಗಿ ಸಂಗ್ರಹವನ್ನೂ ಸೇರಿಸುತ್ತೇವೆ ಅಂತ ಉಂಟು ಅದರಲ್ಲಿ.

ಕೋರ್ಟು ಕಚೇರಿ

ತಾಳೆಗರಿ, ಕೈಬರಹ ಇದ್ದರೆ ಸೇರಿಸಬಹುದು. ಅಚ್ಚಾದ ಪುಸ್ತಕ ಅವರ ವ್ಯಾಖ್ಯೆಯಲ್ಲಿ ಹಸ್ತಪ್ರತಿ ಅಲ್ಲ. 1720ರ ಓಲೆ ಒಳಗೆ, 1843ರ ಪತ್ರಿಕೆ ಹೊರಗೆ.

ಮೊಳೆಜೋಡಣೆ

ಇದು ನಗುವ ವಿಷಯ ಸ್ವಾಮಿ. ಕಲ್ಲಚ್ಚು ಅಂದರೆ ಎಂತ ಅಂತ ಅವರಿಗೆ ಗೊತ್ತುಂಟಾ? ನಾನು ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸಿ ನಿವೃತ್ತನಾದವ. ಕಲ್ಲಚ್ಚಿನಲ್ಲಿ ಮೊಳೆಯೇ ಇಲ್ಲ. ಎಣ್ಣೆ ಅಂಶದ ಶಾಯಿಯಲ್ಲಿ ಕೈಯಲ್ಲಿ ಬರೆಯುವುದು, ಅದು ನಯ ಮಾಡಿದ ಸುಣ್ಣದ ಕಲ್ಲಿನ ಮೇಲೆ ಇಳಿಯುವುದು, ಕಲ್ಲಿಗೆ ನೀರು ಹಚ್ಚಿ ಮೇಲೆ ಶಾಯಿ ಉರುಳಿಸುವುದು. ನೀರಿದ್ದಲ್ಲಿ ಶಾಯಿ ನಿಲ್ಲುವುದಿಲ್ಲ, ಅಕ್ಷರದ ಮೇಲೆ ಮಾತ್ರ ನಿಲ್ಲುತ್ತದೆ. ‘ಮಂಗಳೂರ ಸಮಾಚಾರ’ ಹಾಗೆ ಬಂದದ್ದು. ಯಾವನೋ ಒಬ್ಬ ಬರಹಗಾರನ ಕೈಬರಹವೇ ಅದು, ಅವನ ದೀರ್ಘ, ಅವನ ಒತ್ತು. ಅವನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಅದು ಹಸ್ತಪ್ರತಿ ಅಲ್ಲ ಅಂದರೆ ಮತ್ತೆ ಯಾವುದು?

ತಾಳೆಗರಿ

ಕಾಗದ ಸಂರಕ್ಷಣೆ ನನ್ನ ಕೆಲಸ, ಅದಕ್ಕೇ ಇಷ್ಟು ಹೊತ್ತು ಸುಮ್ಮನಿದ್ದೆ. ಎಲ್ಲರೂ ಎಸಿ ಎಸಿ ಅಂತಿದ್ದೀರಿ. ಹಗಲು ಹಾಕಿ ಸಂಜೆ ಐದಕ್ಕೆ ಆರಿಸುವ ಎಸಿ ಇಲ್ಲದಿರುವುದೇ ವಾಸಿ. ಹಗಲು ಹಾಳೆ ಒಣಗಿ ಕುಗ್ಗುತ್ತದೆ, ರಾತ್ರಿ ಕರಾವಳಿಯ ತೇವ ಕುಡಿದು ಹಿಗ್ಗುತ್ತದೆ. ದಿನಾ ಹೀಗೆ ಎಳೆದಾಡಿದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಎಸಿ ಹಾಕಿದರೆ 24 ಗಂಟೆ, ಆಗದಿದ್ದರೆ ಕಿಟಕಿ, ಫ್ಯಾನು, ತೇವ ಹೀರುವ ಯಂತ್ರ, ಗೋಡೆಗೆ ಒಂದು ತೇವಮಾಪಕ. ತೇವ ಶೇಕಡಾ 65 ದಾಟಿತೋ, ಬೂಷ್ಟು ಶುರು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರಿನಲ್ಲಿ ಮುಳ್ಳು ಅದರ ಕೆಳಗೆ ಇಳಿಯುವುದೇ ಅಪರೂಪ.

ಪಡಸಾಲೆಯವರು ಹೇಳಿದ ಕಪಾಟಿನಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ‘ಗೋಡೆಗೆ ಆನಿಸಿಟ್ಟ’ ಅನ್ನುವ ಮಾತು. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿದು ನಿಂತಿರುತ್ತದೆ, ಗೆದ್ದಲು ಬರುವುದು ಅಲ್ಲಿಂದಲೇ. ಕಪಾಟನ್ನು ಒಂದು ಗೇಣು ಮುಂದೆ ಎಳೆದು, ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು, ತಿಂಗಳಿಗೊಮ್ಮೆ ಹಿಂದೆ ಟಾರ್ಚು ಹಾಕಿ ನೋಡಿದ್ದರೆ ಆ ಪುಸ್ತಕ ಇವತ್ತು ಇರುತ್ತಿತ್ತು. ಖರ್ಚು: ನಾಲ್ಕು ಇಟ್ಟಿಗೆ.

ಕೈಮುಗಿದು ಕೇಳುವುದು: ಹರಿದ ಹಾಳೆಗೆ ಸೆಲ್ಲೋ ಟೇಪ್ ಅಂಟಿಸಬೇಡಿ. ಆ ಅಂಟು ಕಾಗದದೊಳಗೆ ಇಳಿದು ಕಂದು ಪಟ್ಟಿಯಾಗುತ್ತದೆ, ಅದನ್ನು ತೆಗೆಯುವ ಹೊತ್ತಿಗೆ ನಮ್ಮ ಪ್ರಾಣ ಹೋಗುತ್ತದೆ. ಪ್ಲಾಸ್ಟಿಕ್ ಲ್ಯಾಮಿನೇಶನ್ ಅದಕ್ಕಿಂತ ಕೇಡು. ಹರಿದದ್ದಕ್ಕೆ ತೆಳು ಜಪಾನಿ ಕಾಗದ, ಪಿಷ್ಟದ ಅಂಟು, ತಾಳ್ಮೆ. ಗೊತ್ತಿಲ್ಲದಿದ್ದರೆ ಏನೂ ಮಾಡದೆ ಒಂದು ಬಟ್ಟೆಯಲ್ಲಿ ಸುತ್ತಿಡಿ. 1840ರ ಚಿಂದಿ ಬಟ್ಟೆಯ ಕಾಗದ ಗಟ್ಟಿ ಪಿಂಡ, 1900ರ ಮರದ ತಿರುಳಿನ ಕಾಗದ ಅದಕ್ಕಿಂತ ಮೊದಲೇ ಪುಡಿಯಾಗುತ್ತದೆ. ಹಳೆಯದೇ ಮೊದಲು ಸಾಯುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ಹಾಗಲ್ಲ.

ವೇಲ್ಸ್ ಗಡಿ

ನಾನಿರುವುದು ಇಂಗ್ಲೆಂಡಿನ ಹೆರೆಫರ್ಡ್ ಹತ್ತಿರ, ನಮ್ಮೂರಿನ ಕಥೆಯೊಂದು ಇದಕ್ಕೆ ಹೊಂದುತ್ತದೆ. ಇಲ್ಲಿನ ಕೆಥೆಡ್ರಲ್‌ನಲ್ಲಿ ಸುಮಾರು 1300ರ ಒಂದು ಜಗತ್ತಿನ ನಕ್ಷೆ ಇದೆ, ಒಂದೇ ಕರುವಿನ ಚರ್ಮದ ಮೇಲೆ ಬರೆದದ್ದು. ಜೊತೆಗೆ ಪುಸ್ತಕಗಳನ್ನು ಸರಪಳಿಯಲ್ಲಿ ಕಪಾಟಿಗೆ ಬಿಗಿದಿಟ್ಟ ಹಳೇ ಗ್ರಂಥಾಲಯ. 1988ರಲ್ಲಿ ಕೆಥೆಡ್ರಲ್‌ಗೆ ದುಡ್ಡಿನ ಮುಗ್ಗಟ್ಟು ಬಂತು, ನಕ್ಷೆಯನ್ನು ಹರಾಜಿಗೆ ಹಾಕುತ್ತೇವೆ ಅಂದರು. ಕಾನೂನಿನಲ್ಲಿ ಅದು ಅವರದ್ದೇ. ದೇಶವೆಲ್ಲ ಗಲಾಟೆ. ಕೊನೆಗೆ ಸರ್ಕಾರದ ಪರಂಪರೆ ನಿಧಿಯಿಂದ ದೊಡ್ಡ ಮೊತ್ತ, ಪಾಲ್ ಗೆಟ್ಟಿ ಅನ್ನುವ ಶ್ರೀಮಂತನಿಂದ 10 ಲಕ್ಷ ಪೌಂಡ್ ಬಂತು. ನಕ್ಷೆಯನ್ನು ಒಂದು ಟ್ರಸ್ಟಿಗೆ ವಹಿಸಿದರು. ಅದಕ್ಕೂ ಸರಪಳಿ ಗ್ರಂಥಾಲಯಕ್ಕೂ ಸೇರಿ ಕೆಥೆಡ್ರಲ್ ಅಂಗಳದಲ್ಲೇ ಹೊಸ ಕಟ್ಟಡ ಎದ್ದು 1996ರಲ್ಲಿ ರಾಣಿ ಉದ್ಘಾಟನೆ ಮಾಡಿದರು.

ನಾನು ಗಮನಿಸಿದ್ದು ಒಂದೇ: ಯಾರೂ ಅದನ್ನು ಲಂಡನ್ನಿಗೆ ಒಯ್ಯಲಿಲ್ಲ. ಹೊರಗಿನ ದುಡ್ಡು ಬಂತು, ಜೊತೆಗೆ ‘ಜನ ನೋಡುವಂತಿರಬೇಕು’ ಅನ್ನುವ ಕರಾರೂ ಬಂತು. ಹಾಗಂತ ಪ್ರತಿ ಸಲ ಹರಾಜಿನ ಬೆದರಿಕೆ ಹಾಕಿಯೇ ಸರ್ಕಾರವನ್ನು ಎಬ್ಬಿಸಬೇಕು ಅಂದರೆ ಕಷ್ಟ.

ಗುರುಪುರ ಹೊಳೆ

ಅಷ್ಟು ದೂರ ಹೋಗುವುದು ಬೇಡ. ಮಂಗಳೂರಿನ ಅಲೋಶಿಯಸ್ ಚಾಪೆಲ್ ನೋಡಿ. ಗೋಡೆ ತುಂಬ ಮೊಸ್ಕೆನಿ ಬರೆದ ಚಿತ್ರಗಳು, ಯೇಸು ಸಭೆಯವರ ಸ್ವತ್ತು. ಮಳೆನೀರಿಗೆ ಹಾಳಾಗುತ್ತಿದ್ದಾಗ 1990ರ ದಶಕದಲ್ಲಿ ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ಸರಿ ಮಾಡಿದರು. ಚಿತ್ರ ಇದ್ದಲ್ಲೇ ಉಂಟು, ಮಾಲೀಕರು ಅವರೇ, ಶಾಲಾ ಮಕ್ಕಳಿಂದ ಹಿಡಿದು ಪ್ರವಾಸಿಗಳವರೆಗೆ ಎಲ್ಲ ನೋಡುತ್ತಾರೆ.

ಒಂಟಿಕೊಪ್ಪಲು

ಮೂಡುಬಿದಿರೆ ಇನ್ನೂ ಹತ್ತಿರದ ಉದಾಹರಣೆ. ಜೈನರ ಧವಲಾ ಗ್ರಂಥಗಳ ಓಲೆಗಳು ಶತಮಾನಗಟ್ಟಲೆ ಬಸದಿಯಲ್ಲಿ ಪೂಜೆ, ದರ್ಶನಕ್ಕೆ ಮಾತ್ರ ಇದ್ದವು. ನಕಲು ಮಾಡಿಸಿ, 1939ರಿಂದ ಅಚ್ಚಾಗತೊಡಗಿದ ಮೇಲೆ ದೇಶದ ವಿದ್ವಾಂಸರಿಗೆಲ್ಲ ಸಿಕ್ಕವು. ಓಲೆ ಬಸದಿ ಬಿಟ್ಟು ಹೋಗಲಿಲ್ಲ, ಪಠ್ಯ ಊರೆಲ್ಲ ಸುತ್ತಿತು. ಬಲ್ಮಠಕ್ಕೂ ಇದೇ ದಾರಿ ಸಾಕು.

ಧಾರವಾಡ ಫೇಡೆ

ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿಬಿಟ್ರ ಮುಗೀತಲ್ರಿ? ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದವ್ರು ಮಿಶನ್ನಿನ ಪಾದ್ರಿ ಗುಂಡರ್ಟ್ ಅವರ ಸಂಗ್ರಹ ಹಂಗ ಮಾಡ್ಯಾರ. ಮಲಯಾಳದ್ದು ಬಾಳ, ಅದರಾಗ ಕನ್ನಡದ್ದೂ ಅದಾವು. ಬಾಸೆಲ್‌ನವ್ರು ಮಿಶನ್ನಿನ ಹಳೇ ಫೋಟೋ ಹಾಕ್ಯಾರ. ನಮ್ಮೂರಿನ ಹಳೇ ಚಿತ್ರ ನೋಡಾಕ ನಾವು ಸ್ವಿಟ್ಜರ್ಲ್ಯಾಂಡಿನ ಬಾಗಿಲಾ ಬಡಿಯೂದು!

ಮೂರನೇ ಬೆಂಚು

ಪುಸ್ತಕ ಹಾಕಿ, ನನ್ನದೇನೂ ಅಡ್ಡಿ ಇಲ್ಲ. ಆದರೆ ಕಪಾಟಿನಲ್ಲಿ ಇರುವುದೆಲ್ಲ ಪುಸ್ತಕವಲ್ಲ. ದೀಕ್ಷಾಸ್ನಾನದ ರಿಜಿಸ್ಟರು ಇರುತ್ತದೆ, ಮದುವೆಯದ್ದು, ಸಮಾಧಿಯದ್ದು. ಅದರಲ್ಲಿ ಒಂದು ಕಾಲಂನಲ್ಲಿ ಹಿಂದಿನ ಹೆಸರು, ಪಕ್ಕದಲ್ಲಿ ಹಿಂದಿನ ಜಾತಿ. ನನ್ನ ಮುತ್ತಜ್ಜನ ಸಾಲನ್ನು ನಾನು ಓದಿದ್ದೇನೆ. ಓದಿ ಅರ್ಧ ದಿನ ಸುಮ್ಮನೆ ಕೂತಿದ್ದೆ. ಅದು ನನ್ನ ಮಗಳ ಹೆಸರು ಹುಡುಕಿದವನಿಗೆ ಫೋನಿನಲ್ಲಿ ಸಿಗುವುದು ನನಗೆ ಬೇಡ. ನೀವು ‘ಸಾರ್ವಜನಿಕ’ ಅಂದಾಗಲೆಲ್ಲ ನನಗೆ ಆ ಕಾಲಂ ಕಾಣುತ್ತದೆ. ಸಂಶೋಧಕರು ಬಂದು, ಕೂತು, ಬರೆದುಕೊಂಡು ಹೋಗಲಿ. ಜಾಲಕ್ಕೆ ಬೇಡ.

ಪಡಸಾಲೆ

ಮೂರನೇ ಬೆಂಚಿನವರ ಮಾತು ನಾನು ಯೋಚಿಸಿಯೇ ಇರಲಿಲ್ಲ. ಅತ್ತೆಯ ದಾಖಲೆ ಹುಡುಕುವಾಗ ಅಂಥ ಪುಟಗಳನ್ನು ನಾನೂ ತಿರುವಿದ್ದೆ, ಬೇರೆಯವರ ಮನೆಯ ಸಾಲುಗಳ ಮೇಲೆ ಬೆರಳಾಡಿಸುತ್ತಾ. ಬೆಂಗಳೂರು, ಎಸಿ ಎರಡೂ ವಾಪಸ್ ತೆಗೆದುಕೊಂಡೆ.

ಲೆಕ್ಕದ ಗುಮಾಸ್ತ

ಸರಿ, ಬಿಲ್ಲಿಗೆ ನಾನೇ ದಾರಿ ಹೇಳ್ತೀನಿ, ಯಾರೂ ಹೇಳ್ತಿಲ್ಲ. ನಿಮ್ಮ ಮನೆ ತೆರಿಗೆ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲಿದೆ, ತೆರಿಗೆಯ ಶೇಕಡಾ 6. 1965ರ ಕಾಯಿದೆಯಿಂದ ಬಂದದ್ದು, ಅದು ಸಾರ್ವಜನಿಕ ಗ್ರಂಥಾಲಯಕ್ಕೇ ಮೀಸಲು. ಅದರಿಂದ ಚರ್ಚಿಗೆ ಕೊಡಿ ಅಂತಿಲ್ಲ. ಆದರೆ ಅದೇ ಇಲಾಖೆಯವರು ಒಬ್ಬರನ್ನ ಕಳಿಸಿ ಪಟ್ಟಿ ಮಾಡಿಸಿ ಕೊಡಬಹುದಲ್ಲ. ಎರಡನೇದು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಯ ದುಡ್ಡು. 2013ರ ಕಂಪನಿ ಕಾಯಿದೆಯ ಏಳನೇ ಪರಿಚ್ಛೇದದಲ್ಲಿ ಪರಂಪರೆ ರಕ್ಷಣೆ ಅಂತ ಸ್ಪಷ್ಟವಾಗಿದೆ. ಮೂರನೇದು ವಿದೇಶದ ನೆರವು, ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯಿದೆ) ನೋಂದಣಿ ಬೇಕು, 2020ರ ತಿದ್ದುಪಡಿ ಆದ್ಮೇಲೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಣ್ಣ ಸಭೆ ಅದರ ಬೆನ್ನು ಹತ್ತಿದ್ರೆ ಕಾಗದಪತ್ರ ಪುಸ್ತಕಕ್ಕಿಂತ ಜಾಸ್ತಿ ಆಗುತ್ತೆ.

ಆದರೆ ಯಾರ ಬಾಗಿಲಿಗೆ ಹೋದ್ರೂ ಮೊದಲ ಪ್ರಶ್ನೆ ಒಂದೇ: ನಿಮ್ಮಲ್ಲಿ ಏನಿದೆ, ಎಷ್ಟಿದೆ? ಪಟ್ಟಿ ಇಲ್ಲದೆ ಹೋದರೆ ಲೆಕ್ಕ ಬಲ್ಲ ಯಾವನೂ ಚೆಕ್ ಬರೆಯಲ್ಲ. ನಾನೂ ಬರೆಯಲ್ಲ.

ತಾಳೆಗರಿ

ಗುಮಾಸ್ತರ ಬಾಯಿಂದ ಈ ಮಾತು ಬಂತಲ್ಲ! ದೊಡ್ಡ ಸಂಗ್ರಹಕ್ಕೆ ಕೋಣೆ, ಸೂಚಿ, ಸಿಬ್ಬಂದಿ ಅಂತ ಏನಾದರೂ ಇರುತ್ತದೆ. ನನಗೆ ಹೆದರಿಕೆ ಇರುವುದು ಊರೂರ ಚರ್ಚಿನ ಒಂಟಿ ಕಪಾಟುಗಳ ಬಗ್ಗೆ. ಅಲ್ಲಿ ಪಟ್ಟಿಯೇ ಇಲ್ಲ, ಕಳೆದರೆ ಕಳೆದದ್ದೂ ಗೊತ್ತಾಗುವುದಿಲ್ಲ. ಪಟ್ಟಿಗೆ ಬೇಕಾದದ್ದು ಒಂದು ಉದ್ದ ನೋಟ್‌ಬುಕ್ಕು, ಪೆನ್ಸಿಲು (ಪೆನ್ನು ಬೇಡ, ದಯವಿಟ್ಟು), ಮೆತ್ತನೆ ಬ್ರಷ್ಷು, ಮಾಸ್ಕು. ಹೆಸರು, ಊರು, ಇಸವಿ, ಎಷ್ಟು ಪುಟ, ಎಷ್ಟು ಕೆಟ್ಟಿದೆ. ಸಭೆಯವರೇ ಬರೆಯಲಿ, ನೋಟ್‌ಬುಕ್ಕಿನ ಒಂದು ನಕಲು ಊರ ಗ್ರಂಥಾಲಯದಲ್ಲಿ ಇರಲಿ. ರಿಜಿಸ್ಟರು ಇದ್ದರೆ ‘ರಿಜಿಸ್ಟರು, ಇಂತಿಷ್ಟು ಸಂಪುಟ’ ಅಂತ ಬರೆದರೆ ಸಾಕು, ತೆರೆಯುವುದು ಬೇಡ.

ಮೂರನೇ ಬೆಂಚು

ಹೀಗಾದರೆ ನಮ್ಮ ಸಭೆಯಲ್ಲಿ ನಾನು ಎದ್ದು ನಿಂತು ಕೇಳಬಲ್ಲೆ. ಲಾರಿ ಇಲ್ಲ, ಸ್ಕ್ಯಾನರ್ ಇಲ್ಲ, ನೋಟ್‌ಬುಕ್ಕು ಮಾತ್ರ ಅಂದರೆ ಯಾರೂ ಬೇಡ ಅನ್ನಲಿಕ್ಕಿಲ್ಲ. ಯುವಜನ ಕೂಟದ ನಾಲ್ಕು ಮಕ್ಕಳನ್ನು ಕೂರಿಸಬಹುದು. ಅವರಿಗೆ ಹಳೇ ‘ಱ’ ಓದಲಿಕ್ಕೆ ಬರುವುದಿಲ್ಲ, ಅದು ಬೇರೆ ಸಂಕಟ.

ಮೊಳೆಜೋಡಣೆ

ಅಕ್ಷರ ಓದಲಿಕ್ಕೆ ನಾನು ಬರುತ್ತೇನೆ. ಚಹಾ ಕೊಟ್ಟರೆ ಸಾಕು.

ಪಡಸಾಲೆಯವರೇ, ಆ ಎರಡು ಬೆರಳಗಲದ ಚೂರು ಎಸೆದಿಲ್ಲ ತಾನೇ? ಎಸೆಯದಿದ್ದರೆ ಒಂದು ಕೆಲಸ ಮಾಡಿ. ಕೈ ತೊಳೆದು, ಚೆನ್ನಾಗಿ ಒರೆಸಿ, ಚೂರಿನ ಹಿಂಬದಿಯಲ್ಲಿ ಬೆರಳ ತುದಿ ಮೆಲ್ಲಗೆ ಆಡಿಸಿ. ಮೊಳೆಯಲ್ಲಿ ಅಚ್ಚಾದದ್ದಾದರೆ ಅಕ್ಷರ ಒತ್ತಿದ ಕಡೆ ಹಿಂದೆ ಸಣ್ಣ ಉಬ್ಬು ಸಿಗುತ್ತದೆ. ಕಲ್ಲಚ್ಚಾದರೆ ಎರಡೂ ಬದಿ ಸಪಾಟು. ಮಂಗಳೂರಿಗೆ ಮೊಳೆ ಬಂದದ್ದು 1850ರ ದಶಕದಲ್ಲಿ. ಆಮೇಲೂ ಕಲ್ಲಚ್ಚು ನಡೆಯುತ್ತಿತ್ತು, ಹಾಗಾಗಿ ಇದೊಂದರಿಂದಲೇ ಇಸವಿ ಹೇಳಲಿಕ್ಕಾಗುವುದಿಲ್ಲ. ಆದರೂ ನೋಡಿ.

ಪಡಸಾಲೆ

ಎಸೆದಿಲ್ಲ. ಅವರ ಒಪ್ಪಿಗೆ ಕೇಳಿಯೇ ಒಂದು ಲಕೋಟೆಯಲ್ಲಿ ತಂದಿದ್ದೆ. ಈಗಷ್ಟೇ ಮೇಜಿನ ದೀಪದ ಕೆಳಗೆ ಇಟ್ಟು ಹಿಂಬದಿಯಲ್ಲಿ ಬೆರಳಾಡಿಸಿದೆ, ಎರಡು ಸಲ. ಉಬ್ಬು ಇಲ್ಲ. ಹೆಂಡತಿಯ ಕೈಗೂ ಕೊಟ್ಟೆ, ಅವಳಿಗೂ ಸಿಗಲಿಲ್ಲ. ‘ಮಂಗಳೂರ’ದಲ್ಲಿ ಳೂಕಾರದ ದೀರ್ಘ ಸ್ವಲ್ಪ ಓರೆಯಾಗಿ ಮೇಲಕ್ಕೆ ಎಳೆದಿದೆ, ಅವಸರದಲ್ಲಿ ಬರೆದವರ ಹಾಗೆ.

ಆ ಕಪಾಟಿನಲ್ಲಿ ಇನ್ನೂ ಮೂರು ಹಲಗೆ ಪುಸ್ತಕ ಇದೆ. ನಾಳೆ ಬೆಳಿಗ್ಗೆ ಅಲ್ಲಿನ ಪಾದ್ರಿಯವರಿಗೆ ಫೋನ್ ಮಾಡಿ, ಮೊದಲು ಅದನ್ನು ಗೋಡೆಯಿಂದ ಈಚೆಗೆ ಎಳೆಯಿರಿ ಅಂತ ಹೇಳುತ್ತೇನೆ. ಇಟ್ಟಿಗೆ ನಾನು ತರುತ್ತೇನೆ. ಮೊಳೆಜೋಡಣೆಯವರೇ, ಶನಿವಾರ ನಿಮಗೆ ಪುರುಸೊತ್ತಿದೆಯಾ?

ಮೊಳೆಜೋಡಣೆ

ಬೆಳಗ್ಗಿನ ಬಸ್ಸಿಗೆ ಬರುತ್ತೇನೆ. ಭೂತಗನ್ನಡಿ ನನ್ನದೇ ಉಂಟು.